ಸಂಡೇ ಬಜಾರಲ್ಲಿ ವಾಲ್ವ್ ರೇಡಿಯೋ ಸಿಕ್ಕಿದೆ, ಒಂದು ಕಿವಿ (ತಿರುಗಿಸುವ ಗುಂಡಿ) ಇಲ್ಲ. ಪ್ಲಗ್ ಹಾಕಲಾ?

ಪೇಟೆ ಹುಡುಗ:
ಎಲ್ಲರಿಗೂ ನಮಸ್ಕಾರ. ಇವತ್ತು ಬೆಳಗ್ಗೆ ಬೆಂಗಳೂರಿನ ಬಿವಿಕೆ ಅಯ್ಯಂಗಾರ್ ರಸ್ತೆಯ ಹಳೇ ಸಾಮಾನಿನ ಸಂಡೇ ಬಜಾರಿಗೆ ಹೋಗಿದ್ದೆ. ಹುಡುಕಿದ್ದು ಸೈಕಲ್ ಪಂಪು, ತಂದಿದ್ದು ರೇಡಿಯೋ. ಟ್ರಾನ್ಸಿಸ್ಟರಿಗಿಂತ ಹಿಂದಿನ ಕಾಲದ್ದು, ಬಲ್ಬಿನಂಥ ಗಾಜಿನ ವಾಲ್ವ್ ಇರುವಂಥದ್ದು. ಮರದ ಡಬ್ಬಿ, ಮುಂದೆ ಬಟ್ಟೆ ಜಾಲರಿ, ಗಾಜಿನ ಡಯಲ್ ಮೇಲೆ ಕೊಲಂಬೋ, ಡೆಲ್ಲಿ, ಲಂಡನ್ ಅಂತ ಹೆಸರುಗಳು. ಕಂಪನಿ ಹೆಸರಿನ ಬಿಲ್ಲೆ ಉದುರಿ ಹೋಗಿದೆ, ಎರಡು ಮೊಳೆ ತೂತು ಮಾತ್ರ ಇದೆ. ಮುಂದಿನ ಎರಡು ಕಿವಿಗಳಲ್ಲಿ ಎಡಗಡೆಯದು ಇಲ್ಲ, ಬರೀ ಕಬ್ಬಿಣದ ಕಡ್ಡಿ ಹೊರಗೆ ಬಂದಿದೆ. 3,500 ಹೇಳಿದರು, 1,400ಕ್ಕೆ ಕೊಟ್ಟರು. ಹಿಂದಿನ ವೈರು ಬಟ್ಟೆ ಸುತ್ತಿದ್ದು, ಎರಡು ಪಿನ್ನಿನ ಪ್ಲಗ್ಗು. ನಮ್ಮ ತಾತನ ಮನೆಯಲ್ಲಿ ಇಂಥದ್ದೇ ಒಂದು ಇತ್ತು ಅಂತ ಅಮ್ಮ ಬೆಳಗ್ಗಿಂದ ಅದರ ಸುತ್ತಲೇ ಓಡಾಡುತ್ತಿದ್ದಾರೆ. ಈಗ ಪ್ಲಗ್ ಹಾಕಿ ನೋಡಬಹುದಾ? ಕೈ ತುರಿಸುತ್ತಿದೆ.

ಗುಜರಿ ಗುಂಡ:
1,400 ಅಂದರೆ ಮೋಸ ಹೋಗಿಲ್ಲ ಬಿಡಿ. ಡಯಲ್ ಗಾಜು ಒಡೆದಿಲ್ಲ ಅನ್ನೋದೇ ದೊಡ್ಡದು. ಮರ ಹುಳ ತಿಂದರೆ ಬಡಗಿ ಇದ್ದಾನೆ, ವಾಲ್ವ್ ಹೋದರೆ ಹುಡುಕಿದರೆ ಸಿಗುತ್ತದೆ. ಅದೇ ಅಳತೆಯ, ಅದೇ ಊರಿನ ಹೆಸರುಗಳ ಗಾಜು ಮಾತ್ರ ಹುಟ್ಟಲ್ಲ. ಎಷ್ಟು ಗಂಟೆಗೆ ಹೋಗಿದ್ದಿರಿ?

ಪೇಟೆ ಹುಡುಗ:
ಆರೂವರೆಗೆ. ಇನ್ನೂ ಟಾರ್ಪಾಲು ಬಿಚ್ಚುತ್ತಿದ್ದರು.

ವಾಲ್ವ್ ರಾಯರು:
ಪ್ಲಗ್ ಹಾಕಬೇಡಿ. ದಯವಿಟ್ಟು ಇವತ್ತು ಹಾಕಬೇಡಿ. ಅಮ್ಮನಿಗೂ ಹೇಳಿ.
ಮೊದಲು ಹಿಂದಿನ ರಟ್ಟು ಬಿಚ್ಚಿ. ಗಾಜಿನ ವಾಲ್ವ್‌ಗಳ ಮೇಲೆ ಸಣ್ಣ ಅಕ್ಷರದಲ್ಲಿ ನಂಬರು ಇರುತ್ತದೆ. ಒರೆಸಬೇಡಿ, ಒರೆಸಿದರೆ ಅಕ್ಷರವೂ ಧೂಳಿನ ಜೊತೆ ಹೋಗುತ್ತದೆ. ಟಾರ್ಚ್ ಓರೆಯಾಗಿ ಹಿಡಿದು ಓದಿ. ಮೊದಲನೇ ಅಕ್ಷರ 'ಇ' ಇದೆಯೋ 'ಯು' ಇದೆಯೋ ಹೇಳಿ. ಆಮೇಲೆ ಮಾತಾಡೋಣ.

ಪೇಟೆ ಹುಡುಗ:
ನಾಲ್ಕು ವಾಲ್ವ್ ಇದೆ. ಯುಸಿಎಚ್ 81, ಯುಬಿಎಫ್ 89, ಯುಸಿಎಲ್ 82, ಯುವೈ 85. ಒಳಗೆ ಒಂದು ಸತ್ತ ಜಿರಳೆ, ಒಂದು ಬಳಪ.

ವಾಲ್ವ್ ರಾಯರು:
ಹಾಗಾದರೆ ಕೇಳಿ, ಸ್ವಲ್ಪ ಉದ್ದ ಆಗುತ್ತದೆ.
'ಇ' ಸಾಲಿನ ವಾಲ್ವ್ ಆಗಿದ್ದರೆ ಒಳಗೆ ದೊಡ್ಡ ಟ್ರಾನ್ಸ್‌ಫಾರ್ಮರ್ ಇರುತ್ತಿತ್ತು. ಆ ವಾಲ್ವ್‌ಗಳ ಹೀಟರಿಗೆ, ಅಂದರೆ ಒಳಗೆ ಕಾದು ಹೊಳೆಯುವ ತಂತಿಗೆ, 6.3 ವೋಲ್ಟ್ ಸಾಕು. ನಿಮ್ಮದು 'ಯು' ಸಾಲು. ಎಸಿ (ಈಗ ಮನೆಗೆ ಬರುವ, ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟು), ಡಿಸಿ (ಒಂದೇ ದಿಕ್ಕಿಗೆ ಹರಿಯುವುದು) ಎರಡರಲ್ಲೂ ನಡೆಯಲಿ ಅಂತ ಮಾಡಿದ ಸೆಟ್ಟು. ಆಗ ಕೆಲವು ಊರುಗಳಲ್ಲಿ ಮನೆಗೆ ಬರುತ್ತಿದ್ದದ್ದು ಡಿಸಿ ಕರೆಂಟು. ಡಿಸಿಗೆ ಟ್ರಾನ್ಸ್‌ಫಾರ್ಮರ್ ಕೆಲಸ ಮಾಡಲ್ಲ, ಅದಕ್ಕೇ ಅದನ್ನು ತೆಗೆದುಹಾಕಿದರು. ನಾಲ್ಕು ವಾಲ್ವಿನ ಹೀಟರುಗಳನ್ನು ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ಟಿನ ಹಾಗೆ ಒಂದರ ಹಿಂದೆ ಒಂದು ಕಟ್ಟಿರುತ್ತಾರೆ. ಅವಕ್ಕೆ ಬೇಕಾದ ವೋಲ್ಟು 19, 19, 50, 38. ಒಟ್ಟು 126 ವೋಲ್ಟ್. 230ರಲ್ಲಿ ಉಳಿದದ್ದನ್ನು ಒಂದು ದಪ್ಪ ರೆಸಿಸ್ಟರ್ ಬಿಸಿಯಾಗಿ ತಿಂದುಹಾಕುತ್ತದೆ. ಒಂದು ಹೀಟರ್ ಹೋದರೆ ನಾಲ್ಕೂ ಕತ್ತಲೆ.
ಅಪಾಯ ಇರೋದು ಇಲ್ಲಿ: ಟ್ರಾನ್ಸ್‌ಫಾರ್ಮರ್ ಇಲ್ಲ ಅಂದಮೇಲೆ ಒಳಗಿನ ಚಾಸಿಗೆ (ಭಾಗಗಳನ್ನೆಲ್ಲ ಕೂರಿಸಿದ ತಗಡಿನ ಚೌಕಟ್ಟಿಗೆ) ಗೋಡೆಯ ಕರೆಂಟು ನೇರವಾಗಿ ಬರುತ್ತದೆ. ಪ್ಲಗ್ಗನ್ನು ಒಂದು ಕಡೆ ತಿರುಗಿಸಿ ಹಾಕಿದರೆ ನ್ಯೂಟ್ರಲ್, ಇನ್ನೊಂದು ಕಡೆ ತಿರುಗಿಸಿದರೆ ಫೇಸ್, ಅಂದರೆ ಶಾಕ್ ಹೊಡೆಯುವ ತಂತಿ. ಚಾಸಿಗೆ ಬಂದದ್ದು ನಿಮ್ಮ ಆ ಕಿವಿ ಇಲ್ಲದ ಕಡ್ಡಿಗೂ ಬರುತ್ತದೆ. ವಾಲ್ಯೂಮ್ ಜಾಸ್ತಿ ಮಾಡೋಣ ಅಂತ ಅಮ್ಮ ಎರಡು ಬೆರಳಲ್ಲಿ ಆ ಕಡ್ಡಿ ಹಿಡಿದರೆ 230 ವೋಲ್ಟ್ ಹಿಡಿದ ಹಾಗೆ. ಹಳೇ ರಿಪೇರಿಯವರು ಕಿವಿಯ ಪಕ್ಕದ ಸಣ್ಣ ಸ್ಕ್ರೂ ಮೇಲೂ ಮೇಣ ತುಂಬುತ್ತಿದ್ದರು, ಗೊತ್ತಾ? ಸುಮ್ನೆ ಅಂದಕ್ಕೆ ಅಲ್ಲ ಅದು.
ಇನ್ನೊಂದು ವಿಷಯ. ಇಸ್ತ್ರಿಪೆಟ್ಟಿಗೆಗೆ ಮೂರು ಪಿನ್ ಹಾಕಿ ಅರ್ಥ್ ಕೊಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಈ ಸೆಟ್ಟಿನ ಚಾಸಿಗೆ ಮಾತ್ರ ಅರ್ಥ್ ಕಟ್ಟಬೇಡಿ. ಫೇಸ್ ಕಡೆ ಬಿದ್ದರೆ ಫ್ಯೂಸ್ ಢಮಾರ್.

ಪೇಟೆ ಹುಡುಗ:
ಸಾರ್, ಕೈ ತುರಿಕೆ ನಿಂತಿತು. ಅಮ್ಮ ಈಗ ದೂರದಿಂದ ನೋಡುತ್ತಿದ್ದಾರೆ.

ಧಾರವಾಡದಾಕಿ:
ರಾಯರು ಹೇಳಿದ್ದು ಖರೇ ಅದ. ಆದರ ಒಂದು ಮಾತು ಯಾರೂ ಹೇಳವಲ್ರು. ಫುಟ್‌ಪಾತಿನ್ಯಾಗ ಕರೆಂಟ್ ಎಲ್ಲಿರತದ್ರೀ? "ಚಾಲೂ ಅದ ಅಕ್ಕಾ, ಗ್ಯಾರಂಟಿ" ಅಂತ ಹೇಳತಾರ. ಪರೀಕ್ಷೆ ಮಾಡೋಣ ಅಂದ್ರ ಪ್ಲಗ್ ಪಾಯಿಂಟೇ ಇಲ್ಲ.
ಸರಿ, ಎಲ್ಲರಿಗೂ ಓದಲು ಸುಲಭ ಆಗಲಿ, ಬರೆಯುವ ಭಾಷೆಗೆ ಬರುತ್ತೇನೆ. ನಾನು ಸಂತೆಗೆ ಹೋಗುವಾಗ ಬ್ಯಾಗಿನಲ್ಲಿ ಸಣ್ಣ ಮಲ್ಟಿಮೀಟರ್ (ವೋಲ್ಟು, ಓಮು ಅಳೆಯುವ ಮೀಟರು) ಇಟ್ಟುಕೊಂಡೇ ಹೋಗುತ್ತೇನೆ. ಇಸ್ತ್ರಿಪೆಟ್ಟಿಗೆ ಅಂದರೆ ಪ್ಲಗ್ಗಿನ ಎರಡು ಪಿನ್ನಿಗೆ ಮೀಟರಿನ ಕಡ್ಡಿ ಮುಟ್ಟಿಸಿ. 750 ವ್ಯಾಟಿನದಾದರೆ ಸುಮಾರು 70 ಓಮ್, 450ರದಾದರೆ 115ರ ಆಸುಪಾಸು ತೋರಿಸಬೇಕು. ಏನೂ ತೋರಿಸದಿದ್ದರೆ ಒಳಗಿನ ತಂತಿ ಹರಿದಿದೆ. ಆಮೇಲೆ ಒಂದು ಪಿನ್ನು, ಒಂದು ಕಬ್ಬಿಣದ ಮೈ. ಅಲ್ಲಿ ಏನಾದರೂ ತೋರಿಸಿದರೆ ಅಲ್ಲೇ ಕೆಳಗಿಟ್ಟು ಬನ್ನಿ. ಹಾಗೇ ಹಳೇ ಇಸ್ತ್ರಿ, ಟೋಸ್ಟರ್ ಬಿಚ್ಚಿದಾಗ ಒಳಗೆ ಬೂದು ಬಣ್ಣದ, ನಾರು ನಾರಾದ ಹಾಳೆ ಕಂಡರೆ ಕೆದಕಬೇಡಿ, ಊದಬೇಡಿ. ಅದು ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಪದರ ಪದರವಾಗಿ ಹೊಳೆಯುವುದು ಅಭ್ರಕ (ಮೈಕಾ), ಅದಕ್ಕೆ ಹೆದರಬೇಕಿಲ್ಲ.
ಹೋದ ವರ್ಷ ಹಳೇ ಸುಮೀತ್ ಮಿಕ್ಸಿ ಸಿಕ್ಕಿತು. ನಮ್ಮ ಅವ್ವನ ಕಾಲದ ಮಾಡೆಲ್ಲು. ಅದರ ಕತೆಯೂ ಚಂದ ಇದೆ. ಎಸ್. ಪಿ. ಮಾಥುರ್ ಅನ್ನೋ ಇಂಜಿನಿಯರ್ ಮನೆಯಲ್ಲಿ ಹೆಂಡತಿಯ ಜರ್ಮನ್ ಮಿಕ್ಸಿ ಕೆಟ್ಟಿತು. ಮಾಡಿದ್ದು ಜ್ಯೂಸಿಗೆ, ನಮ್ಮವರು ಅರೆದದ್ದು ಅಕ್ಕಿ, ಉದ್ದು. ಸುಡದೆ ಇನ್ನೇನು? ಆಗ ಅವರೇ ನಮ್ಮ ಅಡುಗೆಮನೆಗೆ ತಕ್ಕ ಮೋಟಾರ್ ಇಟ್ಟು 60ರ ದಶಕದಲ್ಲಿ ಈ ಮಿಕ್ಸಿ ಮಾಡಿದರು. ನಾನು ಸಂತೆಯಲ್ಲಿ ಮೇಲಿನ ಕಪ್ಲರನ್ನು ಕೈಯಲ್ಲಿ ತಿರುಗಿಸಿದೆ. ಗರಗರ ಅನ್ನದೆ ತಿರುಗಿತು. ಕೆಳಗಿನ ಗಾಳಿ ಕಿಂಡಿಗೆ ಮೂಗು ಹಚ್ಚಿದೆ. ಸುಟ್ಟ ವಾರ್ನಿಷ್ ವಾಸನೆ ಬರಲಿಲ್ಲ. ಮಾರುವವನು ನನ್ನ ಮುಖ ನೋಡಿ ನಕ್ಕ. ನಗಲಿ. ಮನೆಗೆ ತಂದು ಕಾರ್ಬನ್ ಬ್ರಷ್ ಎರಡು ಬದಲಿಸಿದೆ, ಶೇಂಗಾ ಚಟ್ನಿ ಆಯಿತು.

ಗುಜರಿ ಗುಂಡ:
ಮೂಗೇ ಮೀಟರ್, ಒಪ್ಪಿದೆ ಅಕ್ಕಾ.
ಕರೆಂಟ್ ಇಲ್ಲ ಅಂದಿರಲ್ಲ, ತಮಾಷೆ ಕೇಳಿ. 1905ರಲ್ಲಿ ಬೆಂಗಳೂರಿನ ಬೀದಿಗೆ ಕರೆಂಟ್ ದೀಪ ಬಂದಾಗ ಮೊದಲು ಹತ್ತಿದ್ದು ಇಲ್ಲೇ ಪಕ್ಕದ ಕೆ.ಆರ್. ಮಾರ್ಕೆಟ್ ಹತ್ತಿರ. ಶಿವನಸಮುದ್ರದಿಂದ ತಂತಿ ಎಳೆದು ತಂದ ಕರೆಂಟು. ಅಲ್ಲಿಂದ ನಾಲ್ಕು ಹೆಜ್ಜೆ ದೂರದಲ್ಲಿ ಕೂತವನ ಹತ್ತಿರ ಇವತ್ತಿಗೂ ಒಂದು ಪ್ಲಗ್ ಪಾಯಿಂಟ್ ಇಲ್ಲ!
ನಾನು ಹದಿನೈದು ವರ್ಷದಿಂದ ಹೋಗುತ್ತಿದ್ದೇನೆ. ಬೇಗ ಹೋದರೆ ಸಾಮಾನು ಚೆನ್ನಾಗಿರುತ್ತದೆ, ರೇಟು ಬಿಗಿ. ಮಧ್ಯಾಹ್ನ ಗಂಟು ಕಟ್ಟುವ ಹೊತ್ತಿಗೆ ಹೋದರೆ ರೇಟು ಸಡಿಲ, ಸಾಮಾನು ಇರಲ್ಲ. ಬೇಕಾದ ವಸ್ತುವನ್ನು ಮೊದಲು ಮುಟ್ಟಬೇಡಿ. ಪಕ್ಕದ ಸ್ಪ್ಯಾನರ್ ಕೇಳಿ, ಬೀಗ ಕೇಳಿ, ಆಮೇಲೆ "ಇದೇನು ಈ ಡಬ್ಬ" ಅಂತ ಕೇಳಿ. ಫೋನ್ ತೆಗೆದು ಫೋಟೋ ಹೊಡೆದಿರೋ, ರೇಟು ಡಬಲ್. ಹಾಗಂತ ಅಂಗಲಾಚಿ 50 ರೂಪಾಯಿಗೆ ಜಗಳ ಆಡಬೇಡಿ. ಅವನು ರಾತ್ರಿ ಎರಡು ಗಂಟೆಗೆ ಗಾಡಿ ತಳ್ಳಿಕೊಂಡು ಬಂದಿರುತ್ತಾನೆ. ಮುಂದಿನ ವಾರವೂ ಅವನ ಮುಖವೇ ನೋಡಬೇಕು ಅಲ್ವಾ?
ಪೇಟೆ ಹುಡುಗ, ಒಂದು ಸಲಹೆ. ಒಳಗಿನದೆಲ್ಲ ಕಿತ್ತು ಬ್ಲೂಟೂತ್ ಬೋರ್ಡ್ ಹಾಕಿಸಿ. ಎರಡು ಸಾವಿರದಲ್ಲಿ ಮುಗಿಯುತ್ತದೆ. ನೋಡೋಕೆ ಹಳೇದು, ಕೇಳೋಕೆ ಹೊಸದು. ನಾನು ಮೂರು ಮಾಡಿಸಿದ್ದೇನೆ.

ವಾಲ್ವ್ ರಾಯರು:
ಗುಂಡ ಅವರೇ, ಕಿತ್ತ ವಾಲ್ವ್‌ಗಳನ್ನು ಏನು ಮಾಡಿದಿರಿ?

ಗುಜರಿ ಗುಂಡ:
ಕೇಜಿಗೆ ಹಾಕಿದೆ ಸಾರ್.

ವಾಲ್ವ್ ರಾಯರು:
ನಾನು ಏನೂ ಹೇಳಲ್ಲ.
ಇಲ್ಲ, ಹೇಳುತ್ತೇನೆ. ನಮ್ಮ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ಬಿಇಎಲ್‌ನಲ್ಲೇ 60ರ ದಶಕದಲ್ಲಿ ರೇಡಿಯೋ ವಾಲ್ವ್ ತಯಾರಾಗುತ್ತಿತ್ತು. ಗಾಜಿನ ಮೇಲೆ ಬಿಇಎಲ್ ಅಂತ ಇರುವ ವಾಲ್ವ್ ನನ್ನ ಹತ್ತಿರ ಇವತ್ತಿಗೂ ಡಬ್ಬಿಯಲ್ಲಿದೆ. ಅಂಥದ್ದನ್ನು ಕೇಜಿಗೆ ಹಾಕಿದಿರಿ. ಡಬ್ಬಿ ಒಡೆದಿದೆ, ಗಾಜು ಹೋಗಿದೆ, ಚಾಸಿ ತುಕ್ಕು ಹಿಡಿದು ತೂತಾಗಿದೆ ಅಂದರೆ ಬ್ಲೂಟೂತ್ ಹಾಕಿ, ಬೇಡ ಅನ್ನಲ್ಲ. ಪೂರ್ತಿ ಇರುವ ಸೆಟ್ಟನ್ನು ಕೀಳೋದು ಬೇರೆ ವಿಷಯ.

ಗುಜರಿ ಗುಂಡ:
ಸಾರ್, ನೀವು ಕೂತು ರಿಪೇರಿ ಮಾಡುತ್ತೀರಿ, ನಿಮಗೆ ವಿದ್ಯೆ ಇದೆ. ನನ್ನ ಹತ್ತಿರ ತಂದುಕೊಡುವವರಿಗೆ ಹಾಡು ಕೇಳಬೇಕು, ಅಷ್ಟೇ. ಬ್ಲೂಟೂತ್ ಹಾಕದಿದ್ದರೆ ಆ ಮೂರೂ ಡಬ್ಬಿ ಒಲೆಗೆ ಹೋಗುತ್ತಿದ್ದವು. ಆದರೂ ಇನ್ನು ಮುಂದೆ ವಾಲ್ವ್ ನಿಮಗೇ ತಂದುಕೊಡುತ್ತೇನೆ, ಸರಿನಾ?

ವಾಲ್ವ್ ರಾಯರು:
ಬನ್ನಿ. ಕಾಫಿ ಕೊಡುತ್ತೇನೆ.

ಕಾಫಿ ತೋಟದವಳು:
ಕಾಫಿ ಅಂದಿರಿ, ಬಂದೆ. ಸಂತೆಯಲ್ಲಿ ಸ್ಪಾಂಗ್ ಕಂಪನಿಯ ಕಾಫಿ ಮಿಲ್ಲು ಕಂಡರೆ ಬಿಡಬೇಡಿ. ಲಂಡನ್ನಿನ ಕಂಪನಿ. ಎರಕದ ಕಬ್ಬಿಣ, ಮೇಲೆ ಬಟ್ಟಲಿನ ಹಾಗೆ ಬಾಯಿ, ಪಕ್ಕದಲ್ಲಿ ತಿರುಗಿಸುವ ಹಿಡಿಕೆ, ಮೇಜಿನ ಅಂಚಿಗೆ ತಿರುಪು ಹಾಕಿ ಕೂರಿಸೋದು. ಹಳೇ ಬ್ರಾಹ್ಮಣರ ಮನೆಗಳಲ್ಲೂ ನಮ್ಮ ಕಡೆ ತೋಟದ ಮನೆಗಳಲ್ಲೂ ಇರುತ್ತಿತ್ತು. ಸಿಕ್ಕಾಗ ಬಣ್ಣ ನೋಡಬೇಡಿ, ಮೇಜಿಗೆ ಕಚ್ಚುವ ಕಾಲಿನ ಹತ್ತಿರ ಕೂದಲೆಳೆಯಷ್ಟು ಬಿರುಕು ಇದೆಯಾ ನೋಡಿ. ಎರಕದ ಕಬ್ಬಿಣ ಬಿರಿದರೆ ಬೆಸುಗೆ ಸುಲಭಕ್ಕೆ ನಿಲ್ಲಲ್ಲ. ಒಳಗಿನ ಹಲ್ಲು ಬೆರಳಿಗೆ ಚೂಪಾಗಿ ಸಿಗಬೇಕು. ನೀರಲ್ಲಿ ತೊಳೆಯಬೇಡಿ, ತುಕ್ಕು ಹಿಡಿಯುತ್ತದೆ. ಒಣ ಅಕ್ಕಿ ಎರಡು ಹಿಡಿ ಹಾಕಿ ಬೀಸಿ ಚೆಲ್ಲಿ. ಮೊದಲ ಹಿಡಿ ಕಂದು ಬಣ್ಣಕ್ಕೆ ಬರುತ್ತದೆ, ಮೂರು ಸಲ ಆದಮೇಲೆ ಬೆಳ್ಳಗೆ ಬರುತ್ತದೆ. ಆಮೇಲೆ ಬೀಜ ಹಾಕಿ. ಇದಕ್ಕೆ ಕರೆಂಟೂ ಬೇಡ, ರಾಯರ ಭಯವೂ ಬೇಡ.
ಭಯ ಬೇಕಾದದ್ದು ಇನ್ನೊಂದಕ್ಕೆ. ಕರೆಂಟ್ ಇಲ್ಲದ ಕಾಲಕ್ಕೆ ತೋಟದ ಬಂಗಲೆಗಳಲ್ಲಿ ಸೀಮೆಎಣ್ಣೆ ಫ್ರಿಜ್ಜು ಇರುತ್ತಿತ್ತು. ಕೆಳಗೆ ದೀಪ ಉರಿದರೆ ಮೇಲೆ ಐಸು. ನಂಬಲ್ಲ ಅಲ್ವಾ? ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು 1922ರಲ್ಲಿ ಕಂಡುಹಿಡಿದದ್ದು. ಬೆಂಕಿಯ ಕಾವಿಗೆ ಅಮೋನಿಯಾ ಮೇಲೇಳುತ್ತದೆ, ತಣಿದು ಇಳಿಯುತ್ತದೆ, ಆವಿಯಾಗುವಾಗ ಪೆಟ್ಟಿಗೆಯ ಬಿಸಿ ಎಳೆದುಕೊಳ್ಳುತ್ತದೆ. ಈಗ ಅದನ್ನು ಹಳೇ ಬೀರು ಅಂತ ಗುಜರಿಯಲ್ಲಿ ಮಾರುತ್ತಾರೆ. ಹಿಂದಿನ ಕೊಳವೆಗಳ ಹತ್ತಿರ ಹಳದಿ ಪುಡಿ ಮೆತ್ತಿದ್ದರೆ ಮುಟ್ಟಬೇಡಿ. ಕೊಳವೆ ತುಕ್ಕು ಹಿಡಿಯದಿರಲಿ ಅಂತ ಹಾಕಿದ ಕ್ರೋಮೇಟ್ ಅದು, ವಿಷ. ಕೊಳವೆ ಕೊಯ್ಯೋಕಂತೂ ಹೋಗಲೇಬೇಡಿ.

ಕುಂದಾಪ್ರದ ಮಾಣಿ:
ನಮ್ಮ ಕಡೆ ಎಲ್ಲರೂ ಹುಡುಕೋದು ಗ್ಯಾಸ್‌ಲೈಟ್. ಅದೇ, ಪೆಟ್ರೋಮ್ಯಾಕ್ಸ್. ಅಜ್ಜನ ಕಾಲಕ್ಕೆ ಬಯಲಾಟಕ್ಕೆ ಇದೇ ಬೆಳಕು. ಹಿತ್ತಾಳೆ ಟ್ಯಾಂಕು ಹೊಳೆಯುತ್ತದೆ ಅಂತ ಮರುಳಾಗಬೇಡಿ. ಮನೆಗೆ ತಂದು ಸೀಮೆಎಣ್ಣೆ ಹಾಕುವ ಮೊದಲು ಬಾಯಿ ಬಿಗಿದು ಬರೀ ಗಾಳಿ ಹೊಡೆದು ಬಕೆಟ್ ನೀರಲ್ಲಿ ಮುಳುಗಿಸಿ, ಟ್ಯೂಬ್ ಪಂಕ್ಚರ್ ನೋಡುವ ಹಾಗೆ. ಗುಳ್ಳೆ ಬಂದರೆ ಶೋಕೇಸಿಗೆ ಮಾತ್ರ. ಪಂಪು ಹೊಡೆದರೆ ಗಾಳಿಯೇ ಹೋಗುತ್ತಿಲ್ಲ ಅಂದರೆ ಗಾಬರಿ ಬೇಡ, ಒಳಗಿನ ಚರ್ಮದ ವಾಷರ್ ಒಣಗಿರುತ್ತದೆ. ರಾತ್ರಿ ತೆಂಗಿನೆಣ್ಣೆಯಲ್ಲಿ ನೆನೆಹಾಕಿ. ಹಳೇ ಪೊಟ್ಟಣದ ಮ್ಯಾಂಟಲ್ (ಬೆಳಕು ಕೊಡುವ ಬಟ್ಟೆ ಬಲೆ) ಜೊತೆಗೆ ಕೊಟ್ಟರೆ ಬೇಡ ಅನ್ನಿ. ಆಗಿನದರಲ್ಲಿ ಥೋರಿಯಂ ಇರುತ್ತಿತ್ತು, ವಿಕಿರಣ ಇರುವ ವಸ್ತು. ಅದರ ಬೂದಿ ಮೂಗಿಗೆ ಹೋಗಬಾರದು.

ಮೋಸ ಹೋದವ:
ಎಲ್ಲರೂ ಗೆದ್ದ ಕತೆ ಹೇಳುತ್ತಿದ್ದೀರಿ, ನನ್ನದೂ ಇರಲಿ. ಹೊರಗಿನ ಒಂದು ದೊಡ್ಡ ಬಜಾರಲ್ಲಿ ಹಿತ್ತಾಳೆ ಕಹಳೆಯ ಗ್ರಾಮಫೋನ್ ತಂದೆ. ಎಚ್‌ಎಂವಿ ರೆಕಾರ್ಡ್ ಕಂಪನಿಯ ನಾಯಿ ಚಿತ್ರ ಇತ್ತು. 9,000 ಕೊಟ್ಟೆ. ಮನೆಗೆ ಬಂದ ಮಾವನವರು ಒಂದೇ ನೋಟಕ್ಕೆ "ಇದು ಹೋದ ತಿಂಗಳು ಹುಟ್ಟಿದ್ದು" ಅಂದರು. ಪೆಟ್ಟಿಗೆಗೆ ಹೊಸ ಪ್ಲೈವುಡ್ಡು, ಹಳೇದಾಗಿ ಕಾಣಲಿ ಅಂತ ಟೀ ಬಣ್ಣ. ನಾಯಿ ಸ್ಟಿಕ್ಕರ್ ಉಗುರಿಗೆ ಎದ್ದು ಬಂತು. ತಟ್ಟೆ ತಿರುಗುವಾಗ ತೇಲಾಡುತ್ತದೆ, ಹಾಡು ಅಳುತ್ತದೆ. ಈಗ ಅದರ ಕಹಳೆಯಲ್ಲಿ ಮನಿಪ್ಲಾಂಟ್ ಇಟ್ಟಿದ್ದೇವೆ.

ಗುಜರಿ ಗುಂಡ:
ಅಯ್ಯೋ ಪಾಪ. ಕಹಳೆ ಹೊಳೆದಷ್ಟೂ ಅನುಮಾನ ಪಡಬೇಕು ಸಾರ್. ನಿಜವಾಗಿ ಹಾಡು ಕೇಳುವ ಆಸೆ ಇದ್ದರೆ ಕಹಳೆ ಇಲ್ಲದ, ಸೂಟ್‌ಕೇಸಿನಂಥ ಎಚ್‌ಎಂವಿ 102 ಹುಡುಕಿ. 30ರ ದಶಕದಿಂದ ಬಹಳ ವರ್ಷ ಬಂದ ಮಾಡೆಲ್ಲು. ಅಂದ ಕಡಿಮೆ ಅಂತ ನಕಲು ಮಾಡುವವರೂ ಕಡಿಮೆ. ಮುಳ್ಳು ಮಾತ್ರ ತಟ್ಟೆಯ ಒಂದು ಬದಿಗೆ ಒಂದು, ಹಾಡು ಮುಗಿದ ಮೇಲೆ ಬದಲಿಸಲೇಬೇಕು. ಅದೇ ಮುಳ್ಳಲ್ಲಿ ಹತ್ತು ಹಾಡು ಹಾಕಿದರೆ ತಟ್ಟೆ ಹಾಳು.

ಧಾರವಾಡದಾಕಿ:
ಫ್ಯಾನಿನವರಿಗೂ ಒಂದು ಮಾತು. ಹಿತ್ತಾಳೆ ರೆಕ್ಕೆಯ ಟೇಬಲ್ ಫ್ಯಾನ್ ಕಂಡ ಕೂಡಲೇ ಹಾರಬೇಡಿ, ಮೊದಲು ತಗಡಿನ ಪಟ್ಟಿ ಓದಿ. ಡಿಸಿ ಅಂತ ಬರೆದಿದ್ದರೆ ಮನೆಯ ಪ್ಲಗ್ಗಿಗೆ ಹಾಕಬೇಡಿ. ಜಾಲರಿಯ ಸಂದು ನೋಡಿ, ನಾಲ್ಕು ಬೆರಳು ಒಳಗೆ ಹೋಗುತ್ತವೆ. ಮನೆಯಲ್ಲಿ ಕೂಸು ಇದ್ದರೆ ಕಪಾಟಿನ ಮೇಲಿಡಿ.
ಪೇಟೆ ಹುಡುಗ ಎಲ್ಲಿ? ರೇಡಿಯೋ ಏನಾಯಿತು?

ಪೇಟೆ ಹುಡುಗ:
ಇದ್ದೇನೆ ಅಕ್ಕಾ. ಮೂರು ವಾರ ಆಯಿತು, ಒಟ್ಟಿಗೆ ಹೇಳೋಣ ಅಂತ ಕಾದೆ.
ರಾಯರು ಫೋನಲ್ಲಿ ಹೇಳಿಕೊಟ್ಟರು. ಮೊದಲು ಬಟ್ಟೆ ವೈರು ಬದಲಾಯಿಸಿದೆ. ಮುಟ್ಟಿದರೆ ಒಳಗಿನ ರಬ್ಬರು ರಸ್ಕಿನ ಹಾಗೆ ಪುಡಿಪುಡಿ ಆಗುತ್ತಿತ್ತು. ಆಮೇಲೆ ಕೆಳಗಡೆ ಮೇಣ ಹಚ್ಚಿದ ಕಾಗದದ ಕೆಪಾಸಿಟರುಗಳು, ಅಂದರೆ ಕರೆಂಟನ್ನು ಸ್ವಲ್ಪ ಹೊತ್ತು ಹಿಡಿದಿಡುವ ಭಾಗಗಳು. ಮೇಣ ಕರಗಿ ಜೇನಿನ ಹಾಗೆ ಇಳಿದಿತ್ತು. ಔಟ್‌ಪುಟ್ ವಾಲ್ವಿಗೆ (ಸ್ಪೀಕರ್ ನಡೆಸುವ ವಾಲ್ವಿಗೆ) ಸದ್ದು ಕೊಡುವ ಕೆಪಾಸಿಟರನ್ನು ಎಲ್ಲಕ್ಕಿಂತ ಮೊದಲು ಬದಲಾಯಿಸಿ, ಅದು ಸೋರಿದರೆ ವಾಲ್ವೂ ಸ್ಪೀಕರ್ ಟ್ರಾನ್ಸ್‌ಫಾರ್ಮರೂ ಒಟ್ಟಿಗೆ ಹೋಗುತ್ತವೆ ಅಂದಿದ್ದರು. ಎಸ್‌ಪಿ ರೋಡಿನಲ್ಲಿ 0.01 ಮೈಕ್ರೋಫ್ಯಾರಡ್, 630 ವೋಲ್ಟಿನದು ಸಿಕ್ಕಿತು. ದೊಡ್ಡ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಕೂಡ ಅಲ್ಲೇ. ಬೆಸುಗೆ ಹಾಕಿದ್ದು ನಾನಲ್ಲ, ರಾಯರ ಮನೆಯಲ್ಲಿ ರಾಯರೇ. ನಾನು ಟಾರ್ಚ್ ಹಿಡಿದೆ. ಕಾಫಿ ಕುಡಿದೆ.
ಕೊನೆಗೆ 100 ವ್ಯಾಟಿನ ಹಳೇ ಬಲ್ಬನ್ನು ರೇಡಿಯೋ ಜೊತೆ ಸೀರೀಸಿನಲ್ಲಿ, ಅಂದರೆ ಒಂದರ ಹಿಂದೆ ಒಂದು ಕಟ್ಟಿ ಕರೆಂಟ್ ಕೊಟ್ಟರು. ಎಲ್‌ಇಡಿ ಬಲ್ಬು ಇದಕ್ಕೆ ನಡೆಯಲ್ಲ, ತಂತಿಯ ಬಲ್ಬೇ ಬೇಕು. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ರೇಡಿಯೋ ಬದುಕುತ್ತದೆ. ನಮ್ಮದು ಒಂದು ಕ್ಷಣ ಬೆಳಗಿ ಮಂಕಾಯಿತು. ರಾಯರು ಅಲ್ಲಿಯವರೆಗೆ ಉಸಿರು ಹಿಡಿದಿದ್ದರು ಅಂತ ಆಮೇಲೆ ಗೊತ್ತಾಯಿತು. ಬಲ್ಬು ತೆಗೆದು ನೇರ ಕೊಟ್ಟ ಮೇಲೆ ವಾಲ್ವ್‌ಗಳ ಒಳಗೆ ಕಿತ್ತಳೆ ಬಣ್ಣ ನಿಧಾನಕ್ಕೆ ಬಂತು. ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ಗುಂಯ್ ಅಂತ ಸದ್ದು. ಡಯಲ್ ಮೇಲೆ ಬರೆದಿರೋದು ಅಲೆಯ ಉದ್ದ, ಮೀಟರಿನಲ್ಲಿ. ಬೆಂಗಳೂರು 612 ಕಿಲೋಹರ್ಟ್ಜ್, ಅಂದರೆ 490 ಮೀಟರ್ ಅಂತ ರಾಯರು ಲೆಕ್ಕ ಹಾಕಿ ಮುಳ್ಳು ಅಲ್ಲಿಗೆ ತಂದರು. ಆಕಾಶವಾಣಿ ಬಂತು! ಕೃಷಿ ಕಾರ್ಯಕ್ರಮ. ಟೊಮೆಟೊ ಎಲೆ ಮುರುಟು ರೋಗದ ಬಗ್ಗೆ ಯಾರೋ ಮಾತಾಡುತ್ತಿದ್ದರು. ನಾವಿಬ್ಬರೂ ಕೊನೆವರೆಗೆ ಕೇಳಿದೆವು.

ಕಾಫಿ ತೋಟದವಳು:
ಅಮ್ಮ ಏನಂದರು?

ಪೇಟೆ ಹುಡುಗ:
ತಾತ ಪ್ರತಿ ವರ್ಷ ಪೋಸ್ಟ್ ಆಫೀಸಿಗೆ ಹೋಗಿ ರೇಡಿಯೋ ಲೈಸೆನ್ಸಿಗೆ ದುಡ್ಡು ಕಟ್ಟುತ್ತಿದ್ದರಂತೆ. "ಇದಕ್ಕೆ ಲೈಸೆನ್ಸ್ ಮಾಡಿಸಿದೆಯೇನೋ" ಅಂತ ಕೇಳಿದರು. 80ರ ದಶಕದಲ್ಲೇ ಅದು ಹೋಯಿತು ಅಂದೆ. ನಂಬಿದ ಹಾಗೆ ಕಾಣಲಿಲ್ಲ.

ಧಾರವಾಡದಾಕಿ:
ರಾತ್ರಿ ಹತ್ತರ ಹೊತ್ತಿಗೆ ಮುಳ್ಳನ್ನು 765 ಕಿಲೋಹರ್ಟ್ಜಿಗೆ, ಅಂದರೆ 392 ಮೀಟರಿಗೆ ತಂದು ನೋಡಿ, ನಮ್ಮ ಧಾರವಾಡ ಸಿಗಬಹುದು. ಮೀಡಿಯಂ ವೇವ್ ರಾತ್ರಿ ದೂರ ಹೋಗತದ. ಎಲ್‌ಇಡಿ ದೀಪ, ಫೋನ್ ಚಾರ್ಜರ್ ಎಲ್ಲ ಆರಿಸಿ, ಇಲ್ಲದಿದ್ದರೆ ಬರೀ ಗರ್ ಅನ್ನುತ್ತದೆ.

ವಾಲ್ವ್ ರಾಯರು:
ಎಡಗಡೆ ಕಿವಿ ಸಿಕ್ಕಿತಾ?

ಪೇಟೆ ಹುಡುಗ:
ಇನ್ನೂ ಇಲ್ಲ ಸಾರ್. ಸದ್ಯಕ್ಕೆ ನೀವು ಹೇಳಿದ ಹಾಗೆ ಕಡ್ಡಿಗೆ ಪ್ಲಾಸ್ಟಿಕ್ ಕೊಳವೆ ತೊಡಿಸಿದ್ದೇನೆ, ಅಮ್ಮ ಅದರ ಮೇಲೆ ಬಟ್ಟೆ ಒಣಗಿಸುವ ಕ್ಲಿಪ್ಪು ಕಚ್ಚಿಸಿದ್ದಾರೆ. ಹೋದ ಭಾನುವಾರ ಅದೇ ಮನುಷ್ಯನ ಹತ್ತಿರ ಹೋಗಿದ್ದೆ. ಬಿಸ್ಕತ್ ಡಬ್ಬಿ ತುಂಬ ಕಿವಿಗಳು, ಇನ್ನೂರಾದರೂ ಇರಬೇಕು. ಅರ್ಧ ಡಬ್ಬಿ ಹುಡುಕುವಷ್ಟರಲ್ಲಿ ಮಳೆ ಬಂತು, ಟಾರ್ಪಾಲು ಎಳೆದರು.

ಗುಜರಿ ಗುಂಡ:
ನಾಳೆ ಆರಕ್ಕೆ ಬನ್ನಿ, ಉಳಿದರ್ಧ ನಾನೂ ಹುಡುಕುತ್ತೇನೆ. ಬಲಗಡೆ ಕಿವಿ ಬಿಚ್ಚಿಕೊಂಡು ಬನ್ನಿ, ಅಳತೆಗೆ ಬೇಕು.

ವಾಲ್ವ್ ರಾಯರು:
ಬಿಚ್ಚುವ ಮೊದಲು ಪ್ಲಗ್ ತೆಗೆಯಿರಿ. ಬಿಚ್ಚಿದ ಕಡ್ಡಿಗೂ ಒಂದು ಕೊಳವೆ ತೊಡಿಸಿ ಬನ್ನಿ.